ಕಚ್ಚು ರೆಕ್ಕೆಯ ತಳಿ

ಜನವರಿ 3, ಶುಕ್ರವಾರ

ನಮ್ಮ ಮನೆಯವರ ಫ್ಯಾಕ್ಟರಿಯಲ್ಲಿ ಈ ವರ್ಷ ದಪ್ಪ ಡೈರಿ ಕೊಟ್ಟಿದ್ದಾರೆ. ಅವರಿಗೆ ಬರೆಯುವ ಚಟವಿಲ್ಲ, ನನಗೆ ಮಾತಾಡುವ ಚಟವಿದೆ. ಕೇಳುವವರು ಸಾಲದು, ಅದಕ್ಕೇ ಇದನ್ನು ಇಟ್ಟುಕೊಂಡೆ. ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ, ಬರೆದರೆ ಅಡ್ಡಿಯೇನು? ಪಂಚಪ್ಪ, ಪಂಚಪ್ಪ, ಪಂಚಪ್ಪ. ಆಯಿತು.

ಹೊಸ ಕೆಲಸಕ್ಕೆ ಸೇರಿ ಇವತ್ತಿಗೆ ಒಂದು ತಿಂಗಳು. ಯಲಹಂಕದ ಆಚೆ ಇರುವ ಈ ಸಂಶೋಧನಾ ಸಂಸ್ಥೆಯಲ್ಲಿ ನಾನು ನೊಣಗಳಿಗೆ ಅಡುಗೆ ಮಾಡುತ್ತೇನೆ. ಬಾಳೆಹಣ್ಣಿನ ಮೇಲೆ ಮುತ್ತುತ್ತವಲ್ಲ, ಆ ಸಣ್ಣ ನೊಣಗಳು. ಹತ್ತು ವರ್ಷ ಹಾಸ್ಟೆಲ್ಲಿನಲ್ಲಿ ಮುನ್ನೂರು ಹುಡುಗರಿಗೆ ಚಪಾತಿ ಲಟ್ಟಿಸಿದ ಕೈ ಇದು, ಈಗ ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟು ಕುದಿಸಿ ಗಂಜಿ ಮಾಡಿ ಬಾಟಲಿಗೆ ಸುರಿಯುತ್ತದೆ. ಉಪ್ಪು ಕಡಿಮೆ ಎಂದು ತಟ್ಟೆ ಕುಟ್ಟುವವರಿಲ್ಲ, ಅದೊಂದು ಸುಖ. ಗದಗಿನಿಂದ ನಾದಿನಿ ಫೋನ್ ಮಾಡಿ ಕೇಳಿದಾಗ ಮಾತ್ರ “ಸೈನ್ಸ್ ಆಫೀಸಿನಾಗ ಅದೀನಿ” ಎಂದೆ. ನೊಣ ಎನ್ನಲು ನಾಲಿಗೆ ಹೊರಳಲಿಲ್ಲ.

ಬಾಟಲಿ ಬದಲಿಯೂ ನನ್ನದೇ. ಹಳೆಯ ಬಾಟಲಿಯ ಗಂಜಿ ಮುಗಿಯುವ ಮೊದಲು ನೊಣಗಳನ್ನು ಹೊಸದಕ್ಕೆ ತಟ್ಟಿ, ಬಾಯಿಗೆ ಹತ್ತಿ ತುರುಕಿ, ತಳಿಯ ನಂಬರ್ ಬರೆಯಬೇಕು. ನನಗಿಂತ ಮೊದಲು ಈ ಕೆಲಸದಲ್ಲಿದ್ದ ಆನಂದಪ್ಪ ನಿವೃತ್ತಿಯಾಗುವ ಮುಂಚೆ ಹೇಳಿಕೊಟ್ಟದ್ದು ಮೂರೇ ಮಾತು: “ತಟ್ಟಿ, ಮುಚ್ಚಿ, ಬರೀರಿ.” ಖಾಲಿಯಾದ ಬಾಟಲಿ ತೊಳೆಯುವವನು ಚಿಕ್ಕಜಾಲದ ಮುನಿಆಂಜಿನಪ್ಪ.

ಜನವರಿ 7, ಮಂಗಳವಾರ

ಇಲ್ಲಿ ಪಿಎಚ್‌ಡಿ ಮಾಡುತ್ತಿರುವ ಮುಬಶ್ಶಿರ್ ಆರ್.ಟಿ. ನಗರದವನು. ಮೂವತ್ತು ತುಂಬುತ್ತ ಬಂತು, ಇನ್ನೂ ಓದು ಮುಗಿದಿಲ್ಲ. ಒಳ್ಳೆಯವನು. ಮೈಕ್ರೋಸ್ಕೋಪಿನಲ್ಲಿ ನೊಣದ ಗಂಡುಹೆಣ್ಣು ಗುರುತಿಸುವುದನ್ನು ನನಗೆ ಕಲಿಸಿದ್ದಾನೆ. ಇವತ್ತು ಕೇಳಿಯೇಬಿಟ್ಟೆ, ಇಷ್ಟೆಲ್ಲ ಯಾತಕ್ಕೆ ಎಂದು.

“ಚನ್ನಕ್ಕ, ಹೆಬ್ಬಾಳದಲ್ಲಿ ಟ್ರಾಫಿಕ್ ಪೊಲೀಸ್ ನಿಂತಿರ್ತಾರಲ್ಲ, ನೋಡಿದೀರಾ?”

“ನೋಡೀನ್ರೀ. ಕೈ ಅಡ್ಡ ಹಿಡದಿರ್ತಾರ.”

“ಹ್ಞಾ. ನರದ ತುದೀಲಿ ಪುಟ್ಟ ಪುಟ್ಟ ಪೊಟ್ಟಣಗಳು ಗಾಡಿ ಥರ ಸಾಲಾಗಿ ಕಾಯ್ತಾ ಇರ್ತವೆ. ಅದ್ರೊಳಗೆ ಮುಂದಿನ ನರಕ್ಕೋ ಮಾಂಸಖಂಡಕ್ಕೋ ಸುದ್ದಿ ಮುಟ್ಟಿಸೋ ರಾಸಾಯನಿಕ. ಕಾಂಪ್ಲೆಕ್ಸಿನ್ ಅಂತ ಒಂದು ಸಣ್ಣ ಪ್ರೋಟೀನ್ ಕೈ ಅಡ್ಡ ಹಿಡ್ದು ನಿಲ್ಸಿರತ್ತೆ. ಸಿಗ್ನಲ್ ಬಂದಾಗ ಅದೇ ಕೈ ಬೀಸಿ ಎಲ್ಲಾನೂ ಒಟ್ಟಿಗೆ ಕಳಿಸತ್ತೆ.”

“ಪೊಲೀಸ್ ರಜಾ ಹಾಕಿದ್ರ?”

“ಅದೇ ನನ್ನ ನೊಣ!” ಎಂದು ಕುರ್ಚಿಯಿಂದಲೇ ಎದ್ದ. “ಒಂದೊಂದೇ ಗಾಡಿ ಸುಮ್‌ಸುಮ್ನೆ ನುಗ್ತಾನೇ ಇರತ್ತೆ. ನಿಜವಾದ ಸಿಗ್ನಲ್ ಬಂದಾಗ ಹೋಗೋಕೆ ಬೇಕಾದಷ್ಟು ಗಾಡಿ ಇರಲ್ಲ.”

ಆ ಪ್ರೋಟೀನಿನ ಬಾಲದ ತುದಿ ಕತ್ತರಿಸಿದ ನೊಣವನ್ನು ಇವನೇ ಎರಡು ವರ್ಷ ಕೂತು ಮಾಡಿದ್ದಾನಂತೆ. ಹದಿನೇಳನೇ ನಂಬರ್ ತಳಿ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅವನ ಲೇಖನ ಓದಿದ ವಿಜ್ಞಾನ ಪತ್ರಿಕೆಯವರು ಇನ್ನೊಂದು ಪರೀಕ್ಷೆ ಕೇಳಿದ್ದಾರೆ: ಇಡೀ ಪ್ರೋಟೀನನ್ನು ಮತ್ತೆ ಕೊಟ್ಟರೆ ಈ ನುಗ್ಗಾಟ ನಿಲ್ಲುತ್ತದೆಯೇ? ಮಾರ್ಚ್ ಕೊನೆಯೊಳಗೆ ಉತ್ತರ ಕೊಟ್ಟರೆ ಲೇಖನ ಅಚ್ಚಾಗುತ್ತದೆ, ಅಚ್ಚಾದರೆ ಪಿಎಚ್‌ಡಿ. ಒಂದು ನೊಣದ ಬಾಲಕ್ಕೆ ಒಬ್ಬ ಮನುಷ್ಯನ ಜೀವನ ಕಟ್ಟಿಹಾಕಿದ್ದಾರೆ. ಎಂಥ ಓದಪ್ಪ ಇದು.

ಜನವರಿ 10, ಶುಕ್ರವಾರ

ಬೆನ್ನು ಹಿಡಿದುಕೊಂಡಿದೆ, ಆದರೆ ಮನಸ್ಸಿಗೆ ಹಾಯೆನಿಸಿದೆ. ಇವತ್ತು ನಾನು ಒಂದು ದೊಡ್ಡ ಕೆಲಸ ಮಾಡಿದೆ.

ಮುಬಶ್ಶಿರ್ ತಂಗಿಯ ಮದುವೆಗೆ ರಜೆಯ ಮೇಲಿದ್ದಾನೆ. ಹದಿನೇಳರ ಬಾಟಲಿ ಬದಲಿ ಮಾಡುವ ದಿನ. ತಟ್ಟುವ ಮುಂಚೆ ಗ್ಯಾಸ್ ಬಿಟ್ಟು ಮಲಗಿಸಿ, ಸುಮ್ಮನೆ ಮೈಕ್ರೋಸ್ಕೋಪಿನಲ್ಲಿ ಇಣುಕಿದೆ. ಹತ್ತಕ್ಕೆ ಒಂಬತ್ತು ನೊಣಗಳ ರೆಕ್ಕೆಯ ತುದಿಯಲ್ಲಿ ಕಚ್ಚು, ಜಿರಲೆ ತಿಂದ ಕಾಗದದ ಹಾಗೆ. ಎಂಥದೋ ರೋಗ ಬಿದ್ದಿದೆ. ಮದುವೆಯ ಗಡಿಬಿಡಿಯಲ್ಲಿರುವವನಿಗೆ ಫೋನ್ ಮಾಡಿ ಯಾಕೆ ಹೆದರಿಸಲಿ ಎಂದು ನಾನೇ ಕುಂಚ ಹಿಡಿದು ಕೂತೆ. ಚೀಲಗಟ್ಟಲೆ ಜೋಳ ಹಸನು ಮಾಡಿದವಳಿಗೆ ಇದೇನು ಮಹಾ? ಕಚ್ಚಾದವನ್ನೆಲ್ಲ ಸತ್ತ ನೊಣ ಹಾಕುವ ಎಣ್ಣೆಗೆ, ಇಡೀ ರೆಕ್ಕೆಯವನ್ನು ಹೊಸ ಬಾಟಲಿಗೆ. ಜೋಪಾನಕ್ಕೆಂದು ಎರಡನೇ ಗುಂಪು ಬೇರೆ ಇಟ್ಟಿದ್ದಾನಲ್ಲ, ಅದನ್ನೂ ಬಿಡಲಿಲ್ಲ. ಎರಡೂವರೆ ತಾಸು. ಕೊನೆಗೆ ಮೂವತ್ತೊಂದು ಆರೋಗ್ಯವಂತ ನೊಣ ಉಳಿದವು. ಸ್ವಲ್ಪ ತೂರಾಡುತ್ತವೆ. ರೋಗಿಗಳ ನಡುವೆ ಇದ್ದು ಬಂದಿವೆ, ಸುಧಾರಿಸಿಕೊಳ್ಳಲಿ ಪಾಪ.

ಅವನು ಬಂದ ಮೇಲೆ ಹೇಳಿ ಶಭಾಷ್ ಎನ್ನಿಸಿಕೊಳ್ಳಬೇಕು.

ಜನವರಿ 14, ಮಂಗಳವಾರ

ಸಂಕ್ರಾಂತಿ. ಶೇಂಗಾ ಹೋಳಿಗೆ ಮಾಡಿದೆ. ನಾಳೆ ಮುನಿಆಂಜಿನಪ್ಪನಿಗೂ ನಾಲ್ಕು ಒಯ್ಯಬೇಕು. ಬಾಟಲಿ ಬೇಯಿಸುವ ದೊಡ್ಡ ಕುಕ್ಕರ್ ಕೆಟ್ಟು ವಾರವಾಯಿತೆಂದು ಪಾಪ ಎಲ್ಲರ ಹತ್ತಿರವೂ ಬೈಸಿಕೊಳ್ಳುತ್ತಿದ್ದಾನೆ.

ಜನವರಿ 17, ಶುಕ್ರವಾರ

ಬೆಳಿಗ್ಗೆ ಮುಬಶ್ಶಿರ್ ಮದುವೆಯ ಖರ್ಜೂರ ಕೊಟ್ಟ. ನಾನು “ನಿಮಗೊಂದು ಸುದ್ದಿ ಐತ್ರೀ ತಮ್ಮಾ” ಎನ್ನುವಷ್ಟರಲ್ಲಿ ಅವನು ಹದಿನೇಳರ ಬಾಟಲಿ ಎತ್ತಿ ಬೆಳಕಿಗೆ ಹಿಡಿದ. ವಾರವಾದರೆ ಗಂಜಿಯನ್ನೆಲ್ಲ ಮರಿಹುಳು ಕೊರೆದು ಗೊಜ್ಜು ಮಾಡಿರಬೇಕು. ಇದು ನಾನು ಸುರಿದಷ್ಟೇ ನುಣ್ಣಗಿತ್ತು.

ಮೈಕ್ರೋಸ್ಕೋಪಿಗೆ ಓಡಿದ. “ಕಚ್ಚು ರೆಕ್ಕೆ ಎಲ್ಲಿ? ಒಂದೂ ಇಲ್ವಲ್ಲ!”

“ಅದು ರೋಗ ಅಲ್ರೀ?” ಎಂದೆ, ಮೆಲ್ಲಗೆ.

ರೋಗವಲ್ಲವಂತೆ. ಗುರುತಂತೆ. ಕೆಟ್ಟ ಜೀನಿನ ಜೊತೆಗೆ ಒಂದು ಒಳ್ಳೆಯ ಜೀನೂ ಇರುವ ನೊಣಕ್ಕೆ ರೆಕ್ಕೆಯಲ್ಲಿ ಕಚ್ಚು ಬರುವಂತೆ ಇವರೇ ಕಟ್ಟಿರುತ್ತಾರಂತೆ. ಅವೇ ಗಟ್ಟಿಮುಟ್ಟು, ಅವೇ ಮೊಟ್ಟೆಯಿಟ್ಟು ತಳಿ ಉಳಿಸುವವು. ಇಡೀ ರೆಕ್ಕೆಯವಕ್ಕೆ ಎರಡೂ ಕಡೆಯಿಂದ ಕೆಟ್ಟದ್ದೇ ಬಂದಿರುತ್ತದೆ. ತೂರಾಡುತ್ತವೆ, ಬೇಗ ಸಾಯುತ್ತವೆ, ಮರಿಯಾಗುವುದಿಲ್ಲ.

“ನಾನೇ ಮಾಡಿದ್ದು,” ಎಂದು ತಲೆ ಹಿಡಿದುಕೊಂಡು ಕೂತ. “ರಜೆಗೆ ಮುಂಚೆ ಪ್ರಯೋಗಕ್ಕೆ ಅಂತ ಇಡೀ ರೆಕ್ಕೆಯವನ್ನ ಬೇರೆ ಮಾಡ್ತಾ ಇದ್ದೆ. ಮದುವೆ ಗಡಿಬಿಡೀಲಿ ಬಾಟ್ಲಿ ಅದಲುಬದಲು ಮಾಡ್ಬಿಟ್ಟಿದೀನಿ. ಛೇ!”

ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ನಲವತ್ತಾರು ವರ್ಷದಲ್ಲಿ ಇದೇ ಮೊದಲು.

ಜನವರಿ 18, ಶನಿವಾರ

ತಲೆನೋವು. ಬರೆಯುವುದೇನಿಲ್ಲ.

ಜನವರಿ 20, ಸೋಮವಾರ

ಅವನು ಸ್ಮಿತಾ ಮೇಡಂಗೆ ಹೇಳಿದ. ಈ ಪ್ರಯೋಗಾಲಯ ಅವರದು. ಗಂಜಿಯ ಟ್ರೇ ಹಿಡಿದು ಬಾಗಿಲಲ್ಲೇ ಇದ್ದೆ, ಎಲ್ಲ ಕೇಳಿಸಿತು. “ನನ್ನ ತಪ್ಪು ಮೇಡಂ” ಎಂದ. ಮತ್ತೆ ಹೊಸದಾಗಿ ತಳಿ ಮಾಡಲು ಒಂದೂವರೆ ವರ್ಷ ಬೇಕು, ಇಲ್ಲವೇ ಈ ಲೇಖನದ ಆಸೆ ಬಿಡಬೇಕು ಎಂದರು ಮೇಡಂ. ಅವನು ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ.

ನನ್ನದೇನು ತಪ್ಪು? ಕಚ್ಚು ಗುರುತು ಎಂದು ನನಗೆ ಯಾರೂ ಹೇಳಿರಲಿಲ್ಲ. ಆನಂದಪ್ಪ ಹೇಳಿದ್ದು ತಟ್ಟಿ, ಮುಚ್ಚಿ, ಬರೀರಿ ಎಂದಷ್ಟೇ.

ಆರಿಸಿ ಎಂದೂ ಹೇಳಿರಲಿಲ್ಲ. ಅದೂ ನಿಜವೇ.

ಜನವರಿ 21, ಮಂಗಳವಾರ

ಮನೆಯವರಿಗೆ ಹೇಳಿದೆ. ಬಾಯಿಗಿಟ್ಟ ರೊಟ್ಟಿ ಕೆಳಗಿಟ್ಟು ನಕ್ಕರು ನೋಡು, ನಮ್ಮ ಬ್ಯಾಟರಾಯನಪುರಕ್ಕೆಲ್ಲ ಕೇಳಿರಬೇಕು. “ನೊಣಾನೂ ಹಸನ ಮಾಡಿದ್ಯಾ? ಮೊರದಾಗ ಹಾಕಿ ಕೇರಲಿಲ್ಲಲ್ಲ, ಪುಣ್ಯ!”

“ನಗಬ್ಯಾಡ್ರಿ. ಆ ತಮ್ಮ ತನ್ನ ತಪ್ಪು ಅಂತ ತಿಳಕೊಂಡಾನ. ಊಟಾನೂ ಬಿಟ್ಟಾನ.”

ಆಗ ನಗು ನಿಲ್ಲಿಸಿದರು. “ಮತ್ತ ನೀ ಇನ್ನೂ ಹೇಳಿಲ್ಲೇನು?”

“ಕೆಲಸಾ ಹೋದ್ರ?”

“ಹೋಗಲಿ ಬಿಡು. ನೀ ಮಾಡಿದ್ದನ್ನ ಇನ್ನೊಬ್ಬಾವ ಹೊತ್ಕೊಂಡು ಅಡ್ಡಾಡಬೇಕೇನು? ನಾಳಿ ಹೋಗಿ ಹೇಳು.”

ಈ ಮನುಷ್ಯ ವರ್ಷಕ್ಕೊಂದು ಸಲ ಸರಿಯಾದ ಮಾತಾಡುತ್ತಾರೆ. ಈ ವರ್ಷದ್ದು ಜನವರಿಯಲ್ಲೇ ಮುಗಿಯಿತು.

ಜನವರಿ 22, ಬುಧವಾರ

ಹೇಳಿದೆ. ಎಲ್ಲವನ್ನೂ ಬರೆಯಲೇಬೇಕು.

ಚೆಂದವಾಗಿ ಹೇಳಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಅವನ ಮುಖ ಕಂಡ ಕೂಡಲೇ ಎಲ್ಲ ಹಾರಿಹೋಯಿತು. “ತಮ್ಮಾ, ನಿಮ್ಮದಲ್ರೀ ತಪ್ಪು, ನಂದು. ಹತ್ತನೇ ತಾರೀಕು ನಾನೇ ಕಚ್ಚು ರೆಕ್ಕೀವೆಲ್ಲಾ ಆರಿಸಿ ಎಣ್ಣಿಗೆ ಹಾಕೀನಿ. ರೋಗ ಅಂತ ತಿಳಕೊಂಡಿದ್ದೆ. ಐದು ದಿನ ಆತು ಗೊತ್ತಾಗಿ, ಬಾಯಿ ಬಿಟ್ಟಿಲ್ಲ. ತಪ್ಪಾತ್ರೀ.” ಅಳುವೂ ಬಂತು. ಬರಬಾರದೆಂದಿದ್ದೆ.

ಅವನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಒಮ್ಮೆಲೇ ಎದ್ದು, “ಹತ್ತನೇ ತಾರೀಕಾ? ನಾನ್ ಹೋದ್ಮೇಲಾ? ಹಾಗಾದ್ರೆ ಅಲ್ಲೀತನಕ ಎಲ್ಲಾ ಸರಿಯಾಗೇ ಇತ್ತು! ಚನ್ನಕ್ಕ, ಹಳೇ ಬಾಟ್ಲಿ ಎಲ್ಲಿ?” ಎಂದ.

“ಯಾವ ಹಳೇ ಬಾಟ್ಲಿ?”

“ಅಯ್ಯೋ, ನೀವು ಆರಿಸಿ ಖಾಲಿ ಮಾಡಿದ್ದು! ಅದ್ರಲ್ಲಿ ಅವು ಇಟ್ಟಿದ್ದ ಮೊಟ್ಟೆ ಇರತ್ತೆ, ಮರಿಹುಳು ಇರತ್ತೆ!”

ಇಬ್ಬರೂ ಓಡಿದೆವು. ಹಿಂದಿನ ಅಂಗಳದಲ್ಲಿ ಮುನಿಆಂಜಿನಪ್ಪ ಟೀ ಕುಡಿಯುತ್ತಿದ್ದ. ಅವನ ಸುತ್ತ ಬಾಟಲಿಗಳ ಗುಡ್ಡ. ಕುಕ್ಕರ್ ಕೆಟ್ಟದ್ದಕ್ಕೆ ಎರಡು ವಾರದ ಬಾಟಲಿಗಳು ಅಲ್ಲೇ ಬಿದ್ದಿದ್ದವು. ನನಗೆ ಅವನ ಕಾಲಿಗೆ ಬೀಳಬೇಕೆನಿಸಿತು.

ಹದಿನೇಳರ ಆರು ಬಾಟಲಿಗಳಲ್ಲಿ ನಾಲ್ಕು ಆಗಲೇ ಸೋಪಿನ ನೀರಿನಲ್ಲಿ ಮುಳುಗಿದ್ದವು. ಎರಡು ಮೂಲೆಯಲ್ಲಿ ಸಿಕ್ಕವು. ಹತ್ತಿ ತೆಗೆದಿಟ್ಟಿದ್ದರಿಂದ ಹುಟ್ಟಿದ ನೊಣಗಳೆಲ್ಲ ಹಾರಿಹೋಗಿದ್ದವು. ಗಾಜಿಗೆ ಅಂಟಿಕೊಂಡ ಕಂದು ಗೂಡುಗಳು ಮಾತ್ರ ಇದ್ದವು, ಅಕ್ಕಿಯ ನುಚ್ಚಿನಷ್ಟು. ಮುಬಶ್ಶಿರನ ಮುಖ ಬಾಡಿತು. “ಎಲ್ಲಾ ಖಾಲಿ ಚಿಪ್ಪು.”

ಮುನಿಆಂಜಿನಪ್ಪ ಟೀ ಲೋಟ ಕೆಳಗಿಟ್ಟು ಬಾಟಲಿಯನ್ನು ಬಿಸಿಲಿಗೆ ಹಿಡಿದ. ಅವರ ಮನೆಯಲ್ಲಿ ಹಿಂದೆ ರೇಷ್ಮೆ ಸಾಕುತ್ತಿದ್ದರಂತೆ. “ಎಲ್ಲಾ ಖಾಲಿ ಅಲ್ಲ ಕಣ್ ಸಾಮಿ. ಇಂಗೆ ಇಡ್ದು ನೋಡಿ. ಇದ್ರಾಗೆ ಉಳ ಐತೆ, ಇದ್ರಾಗೂ ಐತೆ. ಅಂಗಳದಾಗೆ ಚಳಿ ಅಲ್ವಾ, ನಿಧಾನ ಆಗೈತೆ.”

ಎಣಿಸಿದೆವು. ಹನ್ನೊಂದು.

ಮೇಡಂ ಬಂದರು. ಅವರಿಗೂ ನಾನೇ ಎಲ್ಲ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡರು. “ಚನ್ನಕ್ಕ, ಮೊದಲು ತಳಿ ಉಳೀತದಾ ನೋಡೋಣ. ನಿಮ್ಮ ವಿಷಯ ಆಮೇಲೆ ಮಾತಾಡೋಣ” ಎಂದರು.

ಜನವರಿ 23, ಗುರುವಾರ

ಒಂದು ಹುಟ್ಟಿತು. ಇಡೀ ರೆಕ್ಕೆ. ಪ್ರಯೋಜನವಿಲ್ಲ.

ಜನವರಿ 24, ಶುಕ್ರವಾರ

ಎರಡು. ಇಡೀ ರೆಕ್ಕೆ, ಇಡೀ ರೆಕ್ಕೆ. ಹುಟ್ಟುತ್ತಲೇ ತೂರಾಡುತ್ತವೆ, ಪಾಪ.

ಕಚ್ಚಿನದೊಂದು ಹೆಣ್ಣು, ಒಂದು ಗಂಡು ಬೇಕು. ಒಂದೇ ಸಿಕ್ಕರೂ ಬೇರೆ ತಳಿಯ ಜೊತೆ ಕೂಡಿಸಿ ಉಳಿಸಬಹುದಂತೆ, ಆದರೆ ಮಾರ್ಚ್ ಕೈತಪ್ಪುತ್ತದೆ.

ಜನವರಿ 25, ಶನಿವಾರ

ಹೆಣ್ಣು!

ಗೂಡಿನಿಂದ ಈಚೆ ಬಂದಾಗ ರೆಕ್ಕೆ ಒದ್ದೆ ಬಟ್ಟೆಯಂತೆ ಮುದುಡಿಕೊಂಡಿರುತ್ತದೆ, ಕಚ್ಚೋ ಇಡಿಯೋ ತಿಳಿಯುವುದಿಲ್ಲ. ಬಿಚ್ಚಲು ಒಂದು ತಾಸು. ಮುಬಶ್ಶಿರ್ ನೋಡಲಾರೆ ಎಂದು ಕಾರಿಡಾರಿನಲ್ಲಿ ಅಡ್ಡಾಡಿದ. ನಾನು ಕಣ್ಣು ಕೀಳದೆ ಕೂತೆ. ಮೊದಲು ಎಡಗಡೆ ಬಿಚ್ಚಿತು. ತುದಿಯಲ್ಲಿ ಕಚ್ಚು! ಅಷ್ಟು ಚೆಂದದ ಹರಕು ರೆಕ್ಕೆಯನ್ನು ನಾನು ಕಂಡಿಲ್ಲ. “ಬರ್ರೀ ತಮ್ಮಾ, ಬರ್ರೀ, ಹರದೈತಿ!” ಎಂದು ಕಿರುಚಿದ್ದಕ್ಕೆ ಪಕ್ಕದ ಪ್ರಯೋಗಾಲಯದವರು ಏನೋ ಅನಾಹುತವಾಯಿತೆಂದು ಓಡಿಬಂದರು.

ಜನವರಿ 26, ಭಾನುವಾರ

ರಜೆ ಇದ್ದರೂ ಹೋದೆ. ಎರಡು ಹುಟ್ಟಿದವು. ಒಂದು ಇಡೀ ರೆಕ್ಕೆ, ಇನ್ನೊಂದು ಕಚ್ಚಿನದೇ, ಆದರೆ ಅದೂ ಹೆಣ್ಣು. ಹೆಣ್ಣು ಹುಟ್ಟಿತೆಂದು ನಾನೂ ಮುಖ ಸಣ್ಣದು ಮಾಡಿದೆನಲ್ಲ, ಥೂ ನನ್ನ. ಇನ್ನು ಐದು ಗೂಡು ಉಳಿದಿವೆ. ಸೆಕ್ಯುರಿಟಿಯವನು ಧ್ವಜಾರೋಹಣದ ಲಾಡು ಕೊಟ್ಟ, ಅದನ್ನು ಎರಡೂ ಹೆಣ್ಣುಗಳಿಗೆ ತೋರಿಸಿ ತಿಂದೆ.

ಜನವರಿ 27, ಸೋಮವಾರ

ಗಂಡು. ಕಚ್ಚು ರೆಕ್ಕೆಯ ಗಂಡು. ಒಂದೇ ಒಂದು. ಉಳಿದ ನಾಲ್ಕು ಗೂಡು ಒಣಗಿಹೋಗಿದ್ದವು.

ಎರಡು ಹೆಣ್ಣುಗಳ ಜೊತೆ ಬಾಟಲಿಗೆ ಬಿಟ್ಟೆವು. ಗಂಜಿ ಬೇಯಿಸುವಾಗ ಇವತ್ತು ಎರಡು ಸಲ ಸೋಸಿದೆ. ಮುನಿಆಂಜಿನಪ್ಪ ಬಾಟಲಿಯ ಹತ್ತಿರ ಬಗ್ಗಿ, “ಓಗಪ್ಪಾ, ಸಂಸಾರ ಮಾಡು” ಎಂದು ಹರಸಿದ. ಮುಬಶ್ಶಿರ್ ಹತ್ತು ದಿನದ ಮೇಲೆ ನಕ್ಕ.

ಫೆಬ್ರುವರಿ 3, ಸೋಮವಾರ

ಗಂಜಿಯೆಲ್ಲ ಹುಳು! ಬಿಳೀ ಹುಳು! ಕಣ್ಣು ತುಂಬ ಹುಳು! ಊಟದ ಹೊತ್ತಿನಲ್ಲೂ ಬಾಟಲಿಯನ್ನು ಎದುರಿಗಿಟ್ಟುಕೊಂಡಿದ್ದೆ.

ನಾದಿನಿ ಫೋನ್ ಮಾಡಿದ್ದಳು. ಅವಳ ಮಗಳಿಗೆ ಗಂಡು ಗೊತ್ತಾದ ಸುದ್ದಿ ಹೇಳುತ್ತಿದ್ದಳು. ನಾನು ಮಧ್ಯ ಬಾಯಿ ಹಾಕಿ, “ನಮ್ಮ ಹದಿನೇಳನೇ ತಳಿ ಉಳೀತವ್ವಾ” ಎಂದೆ. ನೊಣ ಎಂದರೇನು, ನರದ ತುದಿ ಎಂದರೇನು, ಪೊಟ್ಟಣ ಎಂದರೇನು ಎಂದು ಅರ್ಧ ತಾಸು ಹೇಳಿದೆ. ಪಾಪ, ಗಂಡಿನ ಹೆಸರನ್ನು ಕೇಳುವುದು ಮರೆತೇಹೋಯಿತು.

ಫೆಬ್ರುವರಿ 21, ಶುಕ್ರವಾರ

ಈಗ ಹದಿನೇಳನೇ ತಳಿ ಇಪ್ಪತ್ತು ಬಾಟಲಿಯಾಗಿದೆ. ಇಡೀ ಪ್ರೋಟೀನು ಇರುವ ಇನ್ನೊಂದು ತಳಿಯ ಜೊತೆ ಕೂಡಿಸುವುದೂ ಶುರುವಾಗಿದೆ. ಒಂದು ಬಾಟಲಿಯ ಗಂಜಿಯ ಮೇಲೆ ಬೂಜು ಕಂಡಿತು. ತೆಗೆಯಬೇಕೆಂದು ಕೈ ಹೋಯಿತು. ಕೈ ಹಿಂದೆಗೆದು ಮುಬಶ್ಶಿರನನ್ನು ಕೇಳಿದೆ. ತೆಗೀರಿ ಎಂದ. ಎಷ್ಟು ತೆಗೆಯಲಿ ಎಂದು ಕೇಳಿದೆ. ಯಾಕೆ ಬರುತ್ತದೆ ಎಂದು ಕೇಳಿದೆ. “ಚನ್ನಕ್ಕ, ನೀವು ನನ್ನ ವೈವಾ ತಗೋತಿದೀರಾ?” ಎಂದ.

ಮೇಡಂ ‘ಆಮೇಲೆ’ ಎಂದವರು ಇನ್ನೂ ಕರೆದಿಲ್ಲ. ನಾನೂ ಕೇಳಿಲ್ಲ.

ಮಾರ್ಚ್ 13, ಗುರುವಾರ

ಇವತ್ತು ನನ್ನನ್ನೂ ಕತ್ತಲೆ ಕೋಣೆಗೆ ಕರೆದರು. ಮುನಿಆಂಜಿನಪ್ಪನೂ ಬಂದ. ಮುಬಶ್ಶಿರ್ ಮರಿಹುಳುವಿನ ಮಾಂಸಖಂಡಕ್ಕೆ ಕೂದಲಿಗಿಂತ ತೆಳ್ಳನೆಯ ಗಾಜಿನ ಸೂಜಿ ಚುಚ್ಚಿದ್ದ. ಪೊಟ್ಟಣ ಒಡೆದಾಗಲೆಲ್ಲ ತೆರೆಯ ಮೇಲಿನ ಗೆರೆ ಒಂದು ಸಲ ಜಿಗಿಯುತ್ತದೆ.

ಮೊದಲು ಸಾಧಾರಣ ಹುಳು. ಒಂದು ಜಿಗಿತ. ಸ್ವಲ್ಪ ಬಿಟ್ಟು ಇನ್ನೊಂದು. ಆಮೇಲೆ ನಮ್ಮ ಹದಿನೇಳು. ಅಬ್ಬಬ್ಬಾ, ಒಗ್ಗರಣೆಗೆ ಹಾಕಿದ ಸಾಸಿವೆಯೇ ಸರಿ, ಚಟಚಟ ಚಟಚಟ, ನಿಲ್ಲುವುದೇ ಇಲ್ಲ. ಕೈ ಅಡ್ಡ ಹಿಡಿಯುವವರಿಲ್ಲದ ಹೆಬ್ಬಾಳ ನನ್ನ ಕಣ್ಣೆದುರಿಗಿತ್ತು. ನರಕ್ಕೆ ಸಿಗ್ನಲ್ ಕೊಟ್ಟಾಗ ಎದ್ದದ್ದು ಒಂದು ಸಣ್ಣ ದಿಬ್ಬ, ಅಷ್ಟೇ.

ಕೊನೆಗೆ ಇಡೀ ಪ್ರೋಟೀನನ್ನು ಮತ್ತೆ ಕೊಟ್ಟ ಹದಿನೇಳು. ಸೂಜಿ ಇಳಿಸಿದ. ಗೆರೆ ಸುಮ್ಮನೆ ಮಲಗಿತ್ತು. ಎಷ್ಟೋ ಹೊತ್ತಿಗೆ ಒಂದು ಜಿಗಿತ, ಮತ್ತೆ ಸುಮ್ಮನೆ. “ಮಿಷನ್ನು ಕೆಟ್ಟೋಯ್ತಾ?” ಎಂದು ಮುನಿಆಂಜಿನಪ್ಪ ಪಿಸುಗುಟ್ಟಿದ. ನಾನು ಅವನ ಕೈ ಚಿವುಟಿದೆ. ಮುಬಶ್ಶಿರ್ ಸಿಗ್ನಲ್ ಕೊಟ್ಟ. ಗೆರೆ ಒಂದೇ ನೆಗೆತಕ್ಕೆ ತೆರೆಯ ತಲೆಗೆ ಹೋಗಿ ಮುಟ್ಟಿತು!

“ಯಾ ಅಲ್ಲಾ!” ಎಂದ ಅವನು. ಮೇಡಂ ಚಪ್ಪಾಳೆ ತಟ್ಟಿದರು. ನಾನು ಆ ಗೆರೆಯನ್ನೇ ನೋಡುತ್ತಿದ್ದೆ.

ಮಾರ್ಚ್ 17, ಸೋಮವಾರ

ಮೇಡಂ ಕರೆದರು. ಲೇಖನದ ಉತ್ತರ ಹೋಗಿದೆ, ಈಗ ನನ್ನ ಸರದಿ ಎಂದು ಗೊತ್ತಾಯಿತು. ಲಾಕರಿನ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದೇ ಹೋದೆ. ಕೆಲಸ ಬಿಡಿ ಎಂದ ಕೂಡಲೇ ಕೊಟ್ಟುಬಿಡೋಣ, ಬಾಯಿ ಬಿಡುವುದು ಬೇಡ ಎಂದುಕೊಂಡಿದ್ದೆ.

“ಜನವರೀಲಿ ನಿಮ್ಮ ಮೇಲೆ ತುಂಬಾ ಸಿಟ್ಟಿತ್ತು,” ಎಂದರು. “ತಪ್ಪು ಮಾಡಿದ್ದಕ್ಕಲ್ಲ. ಕಚ್ಚು ಯಾಕಿದೆ ಅಂತ ನಾವೇ ನಿಮಗೆ ಹೇಳಿರಲಿಲ್ಲ. ಐದು ದಿನ ಸುಮ್ಮನಿದ್ರಲ್ಲ, ಅದಕ್ಕೆ.”

“ಹೌದ್ರೀ ಮೇಡಂ.”

“ಇನ್ನೂ ಐದು ದಿನ ಸುಮ್ಮನಿದ್ದಿದ್ರೆ ಆ ಗೂಡುಗಳು ಸಿಗ್ತಾ ಇರ್ಲಿಲ್ಲ. ಗೊತ್ತಲ್ಲ?”

“ಗೊತ್ತ್ರೀ.”

ಅವರು ಕಪಾಟಿನಿಂದ ದೊಡ್ಡ ರಿಜಿಸ್ಟರ್ ತೆಗೆದರು. ಇಲ್ಲಿರುವ ಪ್ರತಿ ತಳಿಗೂ ಅದರಲ್ಲಿ ಒಂದು ಸಾಲಿದೆ: ನಂಬರ್, ಮಾಡಿದವರು, ನೋಡಿಕೊಳ್ಳುವವರು. ಹದಿನೇಳರ ಮುಂದೆ ಮಾಡಿದವರು ಮುಬಶ್ಶಿರ್ ಎಂದಿತ್ತು. ನೋಡಿಕೊಳ್ಳುವವರು ಎಂಬಲ್ಲಿ ಅವನ ಹೆಸರಿಗೆ ಅಡ್ಡಗೆರೆ ಎಳೆದಿದ್ದರು. ಪೆನ್ನನ್ನು ನನ್ನ ಕಡೆ ತಿರುಗಿಸಿಟ್ಟರು.

“ಅವನು ಇನ್ನು ಪರೀಕ್ಷೆ ಮುಗಿಸಿ ಹೋಗ್ತಾನೆ. ಬೇರೆ ಊರಿನವರು ಈ ತಳಿ ಕೇಳ್ತಾರೆ, ಕಳಿಸ್ಬೇಕು, ಕಾಪಾಡ್ಬೇಕು. ಇದನ್ನ ಹೇಗೆ ಕಳ್ಕೋಬಹುದು ಅಂತ ನಿಮಗಿಂತ ಚೆನ್ನಾಗಿ ತಿಳಿದೋರು ಈ ಕಟ್ಟಡದಲ್ಲಿ ಯಾರೂ ಇಲ್ಲ. ಬರೀರಿ.”

ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಚನ್ನಕ್ಕ ಎಂದು ಬರೆದೆ. ಅಕ್ಷರ ಸ್ವಲ್ಪ ದೊಡ್ಡದಾಯಿತು, ಹದಿನೆಂಟರ ಸಾಲಿಗೂ ತಗುಲಿತು. ಮೇಡಂ ಪರವಾಗಿಲ್ಲ ಎಂದರು.

ನಾಳೆ ಹದಿನೇಳರ ಬಾಟಲಿ ಬದಲಿ. ಇಪ್ಪತ್ತು ಬಾಟಲಿ. ಎಲ್ಲವನ್ನೂ ತಟ್ಟುತ್ತೇನೆ, ಒಂದನ್ನೂ ಆರಿಸುವುದಿಲ್ಲ.